ಪೆನ್ಸಿಲ್ ಲಂಗವೂ ನಮ್ಮ ಬಸ್ಸಿನ ಮೆಟ್ಟಿಲೂ

ಅಂತಿಮ ಬಿ.ಎ. ವಿದ್ಯಾರ್ಥಿನಿ, ಕೊಳಾಲ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಎಲ್ಲರೂ ಕೇಳಿದ್ದೇವೆ. ಆದರೆ ಆ ಪರರು ಯಾರು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಊರಿನ ಕಟ್ಟೆಯ ಮೇಲೆ ಕುಳಿತವರು ಒಂದು ಬಗೆಯ ಪರರು. ಉದ್ಯೋಗ ಕೊಡುವವರು ಇನ್ನೊಂದು ಬಗೆ. ಪೇಟೆಯ ಅಂಗಡಿಯ ಗಾಜಿನ ಹಿಂದೆ ಬೊಂಬೆಗೆ ಬಟ್ಟೆ ತೊಡಿಸುವವರು ಮೂರನೆಯ ಬಗೆ. ಈ ಮೂವರ ಇಚ್ಛೆಯೂ ಒಂದೇ ಆಗಿರುವುದು ಅಪರೂಪ. ಇವರೆಲ್ಲರ ನೋಟವನ್ನೂ ದಾಟಿಕೊಂಡು ದಿನಾ ಬೆಳಗ್ಗೆ ಬಸ್ಸು ಹತ್ತಬೇಕಾದವಳು ಮಾತ್ರ ನಮ್ಮ ಹಳ್ಳಿಯ ವಿದ್ಯಾರ್ಥಿನಿ. ಅವಳ ಪರವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ವಿಷಯ, ಪೆನ್ಸಿಲ್ ಸ್ಕರ್ಟು. ಗುರುಗಳು ಹುಬ್ಬೇರಿಸದೆ ಮುಂದಕ್ಕೆ ಓದಬೇಕೆಂದು ವಿನಂತಿ. ಸೊಂಟದಲ್ಲಿ ಸರಿಯಾಗಿ ಕುಳಿತು, ನೇರವಾಗಿ ಇಳಿದು, ಮೊಣಕಾಲಿನ ಹತ್ತಿರ ಬರುತ್ತ ಸ್ವಲ್ಪ ಕಿರಿದಾಗುವ, ನೆರಿಗೆಯಿಲ್ಲದ ಲಂಗ ಇದು. ಕೆತ್ತಿದ ಪೆನ್ಸಿಲ್ಲಿನಂತೆ ಕಾಣುವುದರಿಂದ ಈ ಹೆಸರು. ನಮ್ಮ ಕೊಳಾಲ ಹೋಬಳಿಯಲ್ಲಿ ಇದನ್ನು ತೊಟ್ಟು ಬಸ್‌ ನಿಲ್ದಾಣಕ್ಕೆ ಬಂದವರನ್ನು ನಾನಂತೂ ಕಂಡಿಲ್ಲ. ಹಾಗಿದ್ದಮೇಲೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇದರ ಮಾತೇಕೆ ಎಂದು ಕೇಳಬಹುದು. ಮೂರು ಕಾರಣಗಳಿವೆ. ಮೊದಲನೆಯದು, ಇದನ್ನು ಹೊಲಿಯುವವರಲ್ಲಿ ನಮ್ಮ ಮನೆಯ ಹೆಂಗಸರಿದ್ದಾರೆ. ಎರಡನೆಯದು, ಬೇರೆ ಹೆಸರಿನಲ್ಲಿ ಇದನ್ನು ನಾವು ಈಗಾಗಲೇ ತೊಡುತ್ತಿದ್ದೇವೆ. ಮೂರನೆಯದು, ನಾಳೆ ಸಂದರ್ಶನಕ್ಕೆ ಹೋದಾಗ ನಮ್ಮನ್ನು ಅಳೆಯುವ ಅಳತೆಗೋಲುಗಳಲ್ಲಿ ಇದೂ ಒಂದು.

ಮೊದಲು ಇದರ ಪೂರ್ವಕಥೆಯನ್ನು ಸಂಕ್ಷೇಪವಾಗಿ ನೋಡೋಣ. ಸುಮಾರು 1910ರ ಹೊತ್ತಿಗೆ ಯೂರೋಪು, ಅಮೆರಿಕಗಳಲ್ಲಿ ‘ಹಾಬಲ್ ಸ್ಕರ್ಟ್’ ಎಂಬ ಉಡುಪು ಹೆಸರಾಯಿತು. ಪ್ಯಾರಿಸ್ಸಿನ ಪಾಲ್ ಪೊಯಿರೆ ಎಂಬ ವಸ್ತ್ರವಿನ್ಯಾಸಕನ ಹೆಸರು ಅದರೊಡನೆ ಸೇರಿಕೊಂಡಿದೆ. ಹಾಬಲ್ ಎಂದರೆ ಮೇಯಲು ಬಿಟ್ಟ ಕುದುರೆ ದೂರ ಹೋಗದಂತೆ ಅದರ ಕಾಲುಗಳಿಗೆ ಕಟ್ಟುವ ಹಗ್ಗ. ಹೆಸರೇ ಎಲ್ಲವನ್ನೂ ಹೇಳುತ್ತದೆ. ಕಣಕಾಲಿನ ಹತ್ತಿರ ಬಿಗಿಯಾಗುತ್ತಿದ್ದ ಆ ಲಂಗವನ್ನು ತೊಟ್ಟವರು ಗೇಣು ಗೇಣು ಹೆಜ್ಜೆಯಿಡಬೇಕಾಗಿತ್ತು. ಟ್ರಾಮುಗಾಡಿ ಹತ್ತುವುದು ಕಷ್ಟವಾದಾಗ 1912ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೆಟ್ಟಿಲು ತಗ್ಗಿಸಿದ ಟ್ರಾಮುಗಳನ್ನೇ ಓಡಿಸಿದರು. ಜನ ಅವನ್ನು ಆ ಲಂಗದ ಹೆಸರಿನಿಂದಲೇ ಕರೆದರು. ಲಂಗವನ್ನು ಸಡಿಲಿಸುವ ಬದಲು ಗಾಡಿಯನ್ನೇ ತಗ್ಗಿಸಿದ ಆ ಔದಾರ್ಯ ನಮ್ಮ ಕೊರಟಗೆರೆಯ ದಾರಿಯ ಬಸ್ಸಿಗೆ ಇನ್ನೂ ಬಂದಿಲ್ಲ.

ಮುಂದೆ ಎರಡನೆಯ ಮಹಾಯುದ್ಧ ಬಂತು. 1941ರಲ್ಲಿ ಇಂಗ್ಲೆಂಡಿನಲ್ಲಿ ಬಟ್ಟೆಗೂ ಪಡಿತರ ಬಂತು. 1942ರಲ್ಲಿ ಅಮೆರಿಕದ ಸರ್ಕಾರ ಹೆಂಗಸರ ಲಂಗದ ಸುತ್ತಳತೆಗೂ ಮಿತಿ ಹಾಕಿತು. ನೆರಿಗೆಗಳು ಮಾಯವಾದವು, ಕಡಿಮೆ ಬಟ್ಟೆಯ ನೇರ ಲಂಗವನ್ನು ತೊಡುವುದೇ ದೇಶಸೇವೆ ಎನಿಸಿತು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಕ್ರಿಸ್ಟಿಯನ್ ಡಿಯೋರ್ ಎಂಬ ಫ್ರೆಂಚ್ ವಿನ್ಯಾಸಕ ಗಜಗಟ್ಟಲೆ ಬಟ್ಟೆಯ ಅಗಲ ಲಂಗವನ್ನು ಮತ್ತೆ ತಂದ. ಆತನೇ 1954ರಲ್ಲಿ ಇಂಗ್ಲಿಷಿನ ಎಚ್ ಅಕ್ಷರವನ್ನು ನೆನಪಿಸುವ ನೇರ ಮಾಟದ ಉಡುಪುಗಳನ್ನು ಮುಂದಿಟ್ಟ. ಪೆನ್ಸಿಲ್ ಲಂಗ ಕಛೇರಿಯ ಹೆಂಗಸರ ಉಡುಪಾಗಿ ನೆಲೆನಿಂತದ್ದು ಆ ದಶಕದಲ್ಲಿ. ಅಂದಿನಿಂದ ಎಷ್ಟೋ ಬಗೆಯ ಉಡುಪುಗಳು ಬಂದುಹೋದವು. ಇದು ಮಾತ್ರ ಹೋದಂತೆ ಮಾಡಿ ಮತ್ತೆ ಮತ್ತೆ ಬರುತ್ತದೆ.

ಈ ಆಕರ್ಷಣೆಗೆ ಕಾರಣವೇನು? ನನಗೆ ತೋರುವ ಮಟ್ಟಿಗೆ ಮೂರು. ಒಂದು, ಮಿತವ್ಯಯ. ಅಗಲ ಪನ್ನದ ಬಟ್ಟೆಯಾದರೆ ಒಂದೂಕಾಲು ಮೀಟರಿನೊಳಗೆ ಈ ಲಂಗ ಮುಗಿಯುತ್ತದೆ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಗಳ ಬರದ ಸೀಮೆಯವರಾದ ನಮಗೆ, ಇದ್ದುದರಲ್ಲಿ ಹೊಂದಿಸಿಕೊಳ್ಳುವುದು ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಎರಡು, ಹೊಂದಾಣಿಕೆ. ಕಪ್ಪು ಅಥವಾ ಕಡುನೀಲಿಯ ಒಂದೇ ಲಂಗದ ಮೇಲೆ ನಾಲ್ಕು ಬೇರೆ ಬೇರೆ ಅಂಗಿಗಳನ್ನು ತೊಟ್ಟರೆ ನಾಲ್ಕು ಉಡುಪುಗಳಾಗುತ್ತವೆ. ಮೂರು, ಗಾಂಭೀರ್ಯ. ಅದರಲ್ಲಿ ಮಿಂಚಿಲ್ಲ, ಝರಿಯಿಲ್ಲ, ಗೆಜ್ಜೆಯಿಲ್ಲ. ಒಂದು ನೇರ ಗೆರೆ ಇದೆ. ಇಪ್ಪತ್ತರ ಹುಡುಗಿಗೂ ಐವತ್ತರ ಅಧಿಕಾರಿಣಿಗೂ ಆ ಗೆರೆ ಒಪ್ಪುತ್ತದೆ. ಕೆಲಸದ ಜಾಗದಲ್ಲಿ ಉಡುಪು ತಾನು ಮಾತನಾಡದೆ ತೊಟ್ಟವಳ ಮಾತಿಗೆ ಎಡೆಕೊಡಬೇಕು. ಈ ಲಂಗ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಇಷ್ಟು ಗುಣಗಳಿರುವ ಉಡುಪಿನ ಜೀವ ಎಲ್ಲಿದೆ ಎಂಬುದನ್ನು ನನಗೆ ತಿಳಿಸಿದವರು ನನ್ನ ಚಿಕ್ಕಮ್ಮ. ಅವರು ಏಳನೆಯ ತರಗತಿಗೆ ಶಾಲೆ ಬಿಟ್ಟವರು; ಮದುವೆಯಾಗಿ ಬೆಂಗಳೂರು ಸೇರಿ ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸಕ್ಕೆ ನಿಂತವರು. ಅಲ್ಲಿ ಒಬ್ಬರೇ ಒಂದು ಉಡುಪನ್ನು ಪೂರ್ತಿ ಹೊಲಿಯುವುದಿಲ್ಲ. ಸೊಂಟದ ಮಡಿಕೆಯನ್ನು ಒಬ್ಬರು, ಜಿಪ್ಪನ್ನು ಇನ್ನೊಬ್ಬರು, ಪಟ್ಟಿಯನ್ನು ಮತ್ತೊಬ್ಬರು. ಚಿಕ್ಕಮ್ಮನ ಪಾಲಿಗೆ ಬಂದದ್ದು ಲಂಗದ ಹಿಂಬದಿಯ ಸೀಳು. ಗಂಟೆಗೆ ಇಷ್ಟು ಎಂದು ಲೆಕ್ಕ. ರಜೆಗೆ ಊರಿಗೆ ಬಂದಾಗ ನಾನು ಕೇಳಿದೆ: “ಇಷ್ಟು ಸ್ಕರ್ಟು ಹೊಲಿದಿದ್ದೀರಲ್ಲ ಚಿಕ್ಕಮ್ಮ, ಒಂದು ಸಲವಾದರೂ ಹಾಕಿಕೊಂಡು ನೋಡಿದ್ದೀರಾ?” ಅವರು ನಕ್ಕರು. “ನಂಗ್ಯಾಕವ್ವ ಅದು? ಆದ್ರೆ ಒಂದು ಮಾತು. ಆ ಸೀಳು ಇಲ್ಲದಿದ್ರೆ ಅದು ಬಟ್ಟೆ ಅಲ್ಲ, ಚೀಲ. ಸೀಳಿನ ತುದೀಗೆ ಗಟ್ಟಿ ಹೊಲಿಗೆ ಬೀಳ್ಬೇಕು. ಇಲ್ಲಾಂದ್ರೆ ಹಾಕ್ಕೊಂಡೋಳು ಒಂದು ದೊಡ್ಡ ಹೆಜ್ಜೆ ಇಟ್ಟದ್ದೇ ತಡ, ಪರ್ ಅಂತ ಹರೀತದೆ.”

ಚಿಕ್ಕಮ್ಮನ ಈ ಮಾತಿಗಿಂತ ಉತ್ತಮವಾದ ವಿಮರ್ಶೆಯನ್ನು ಯಾವ ಪತ್ರಿಕೆಯಲ್ಲಿಯೂ ನಾನು ಓದಿಲ್ಲ. 1910ರ ಕಾಲುಕಟ್ಟಿನ ಲಂಗಕ್ಕೂ ಇಂದಿನ ಪೆನ್ಸಿಲ್ ಲಂಗಕ್ಕೂ ಇರುವ ಮುಖ್ಯ ವ್ಯತ್ಯಾಸ ಹಿಂಬದಿಯ ಆ ಏಳೆಂಟು ಅಂಗುಲ. ಸೀಳು ಎಂದ ಕೂಡಲೆ ನಮ್ಮಲ್ಲಿ ಕೆಲವರ ಮುಖ ಬಿಗಿಯುತ್ತದೆ. ಆದರೆ ಅದು ಇರುವುದು ನೋಡುವವರಿಗಾಗಿ ಅಲ್ಲ, ನಡೆಯುವವಳಿಗಾಗಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕಾಸಿನ ವಿಷಯದಲ್ಲಿ ಸರಿ. ಲಂಗ ಇದ್ದಷ್ಟೇ ಹೆಜ್ಜೆಯಿಡು ಎಂದು ಯಾರಾದರೂ ಹೇಳಿದರೆ ಅದನ್ನು ನಾವು ಒಪ್ಪಬಾರದು. ಹೆಜ್ಜೆ ಇದ್ದಷ್ಟು ಲಂಗ ಬಿಡಿಸಬೇಕು. ಲಂಗ ಹೊಲಿಯುವ ಆ ಹೆಂಗಸರೇ ಇದಕ್ಕೆ ಸಾಕ್ಷಿ. 2016ರ ಏಪ್ರಿಲ್ ತಿಂಗಳಲ್ಲಿ ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ನಿರ್ಬಂಧ ಹಾಕಿದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಳಿಗೆ ಇಳಿದರು. ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ದೊಡ್ಡ ಹೆಜ್ಜೆಯಿಡಲು ಬಲ್ಲವರು ಅವರು.

ಇನ್ನು ಎರಡನೆಯ ಕಾರಣಕ್ಕೆ ಬರೋಣ. ಈ ಲಂಗ ನಮ್ಮ ಸಂಸ್ಕೃತಿಗೆ ಹೊರಗಿನದು ಎನ್ನುವವರು ಕಾಲೇಜಿನ ಸಾಂಪ್ರದಾಯಿಕ ಉಡುಪಿನ ದಿನ ನಮ್ಮ ಸೀರೆಗಳನ್ನು ನೋಡಿ ಸಂತೋಷಪಡುತ್ತಾರೆ. ಆ ಸೀರೆಯ ಒಳಗೆ ಏನಿದೆ ಎಂಬುದು ಅವರಿಗೆ ತಿಳಿಯದು. ಹಗ್ಗದ ಲಾಡಿ ಹಾಕಿ ಬಿಗಿಯುತ್ತಿದ್ದ ಘೇರಿನ ಒಳಲಂಗವನ್ನು ನಮ್ಮಲ್ಲಿ ಎಷ್ಟೋ ಮಂದಿ ಬಿಟ್ಟಿದ್ದಾರೆ. ಈಗ ಬಂದಿರುವುದು ‘ಸೀರೆ ಶೇಪ್‌ವೇರ್’ ಎಂಬ, ಮೈಗೆ ಅಂಟುವ, ಕೆಳಗೆ ಮೀನಿನ ಬಾಲದಂತೆ ಸ್ವಲ್ಪ ಬಿಚ್ಚಿಕೊಳ್ಳುವ ಒಳಲಂಗ. ಅದು ಪೆನ್ಸಿಲ್ ಲಂಗದ ಖಾಸಾ ತಂಗಿ. ಹೊರಗೆ ಮೊಳಕಾಲ್ಮೂರು ಸೀರೆಯೋ ಪಾವಗಡ ಸೀಮೆಯ ವೈ.ಎನ್. ಹೊಸಕೋಟೆಯ ರೇಷ್ಮೆಯೋ ಇರುತ್ತದೆ, ಒಳಗಿನ ಗೆರೆ ಮಾತ್ರ ಪ್ಯಾರಿಸ್ಸಿನದು. ಒಂದನ್ನು ಕಂಡು ಚಪ್ಪಾಳೆ ತಟ್ಟಿ ಇನ್ನೊಂದನ್ನು ಕಂಡು ಮುಖ ತಿರುಗಿಸುವುದು ನ್ಯಾಯವೇ?

ಆ ದಿನ ಬಸ್ಸು ಹತ್ತುವ ನೋಟವನ್ನೂ ಹೇಳಬೇಕು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಗಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ನನ್ನಂಥವರ ಓದಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಆದರೆ ಟಿಕೆಟ್ಟಿನ ಹಣ ಇಳಿಯಿತೇ ಹೊರತು ಮೆಟ್ಟಿಲಿನ ಎತ್ತರ ಇಳಿಯಲಿಲ್ಲ. ಮೀನಿನ ಬಾಲದ ಒಳಲಂಗದಲ್ಲಿ ಆ ಮೊದಲ ಮೆಟ್ಟಿಲಿಗೆ ಕಾಲು ಎತ್ತಲಾಗದೆ, ಗೆಳತಿಯರು ಹಿಂದಿನಿಂದ ನೂಕಿ, ಮುಂದಿನಿಂದ ಒಬ್ಬ ಅಜ್ಜಿ ಕೈಹಿಡಿದೆಳೆದು, ಒಬ್ಬೊಬ್ಬರನ್ನೇ ಮೂಟೆಯಂತೆ ಏರಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕೈಹಿಡಿದೆಳೆದ ಅಜ್ಜಿಯೋ, ಹಳೆಯ ನೂಲಿನ ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ತುಸು ಎತ್ತಿ ಎರಡೇ ಹೆಜ್ಜೆಯಲ್ಲಿ ಮೇಲೇರಿದ್ದಳು. ರಾಗಿ ನಾಟಿಯಲ್ಲಿ, ಕಡಲೆಕಾಯಿ ಕೀಳುವಲ್ಲಿ ನಮ್ಮ ತಾಯಂದಿರು ಸೀರೆಯನ್ನು ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸುವುದನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಉಡುಪು ಕೆಲಸಕ್ಕೆ ಬಗ್ಗಬೇಕು ಎಂಬ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಸೀರೆಯಾದರೂ ಒಂದೇ ರೀತಿಯಲ್ಲಿ ನಿಂತು ಬಂದುದಲ್ಲ. ಇಂದು ಸಂಪ್ರದಾಯವೆಂದು ಕಾಣುವ ರವಿಕೆ-ಒಳಲಂಗಗಳ ಉಡುಗೆಯನ್ನು ಬಂಗಾಳದಲ್ಲಿ ಪ್ರಚಾರಕ್ಕೆ ತಂದವರು ಠಾಕೂರರ ಮನೆತನದ ಜ್ಞಾನದಾನಂದಿನೀ ದೇವಿ. 1860ರ ದಶಕದಲ್ಲಿ ಗಂಡನೊಡನೆ ಬೊಂಬಾಯಿಗೆ ಹೋಗಬೇಕಾಗಿ ಬಂದಾಗ ಹೊರಗೆ ಓಡಾಡಲು ತಕ್ಕ ಉಡುಗೆಯನ್ನು ಹುಡುಕಿಕೊಂಡವರು ಅವರು. ಅಲ್ಲಿಯೂ ಪ್ರಶ್ನೆ ಓಡಾಟದ್ದೇ.

ಮೂರನೆಯ ಕಾರಣ ಸ್ವಲ್ಪ ನೋವಿನದು. ಅಂತಿಮ ವರ್ಷದವರಿಗಾಗಿ ನಡೆದ ಒಂದು ಉದ್ಯೋಗ ಮಾರ್ಗದರ್ಶನದ ಸಭೆಯಲ್ಲಿ ಹೊರಗಿನಿಂದ ಬಂದ ಒಬ್ಬರು ಸಂದರ್ಶನಕ್ಕೆ ‘ಫಾರ್ಮಲ್ಸ್’ನಲ್ಲಿ ಬರಬೇಕೆಂದರು. ಪರದೆಯ ಮೇಲೆ ಚಿತ್ರ ತೋರಿಸಿದರು: ಬಿಳಿ ಅಂಗಿ, ಕಪ್ಪು ಪೆನ್ಸಿಲ್ ಸ್ಕರ್ಟು, ಎತ್ತರದ ಹಿಮ್ಮಡಿಯ ಬೂಟು. ಸಭೆಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಮನೆಗಳಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವು; ಇಂಥದನ್ನು ಕೇಳಿ ತಿಳಿಯಲು ನಮಗೆ ಅಕ್ಕ ಇಲ್ಲ, ಅತ್ತಿಗೆ ಇಲ್ಲ. ಸಂದರ್ಶನದ ದಿನ ನನ್ನ ತರಗತಿಯ ಒಬ್ಬ ಗೆಳತಿ ಬರಲಿಲ್ಲ. ಜ್ವರವೆಂದಳು. ಜ್ವರವಿರಲಿಲ್ಲ, ಬಟ್ಟೆಯಿರಲಿಲ್ಲ. ಅರ್ಥಶಾಸ್ತ್ರದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಅಂಕ ಪಡೆದವಳು ಅವಳು. ಒಂದೂಕಾಲು ಮೀಟರು ಬಟ್ಟೆ ಅವಳ ಮೂರು ವರ್ಷದ ಓದಿಗೆ ಅಡ್ಡ ನಿಂತಿತು.

ಇದನ್ನು ನೆನೆದಾಗ ನನಗೆ ಲಂಗದ ಮೇಲೆ ಕೋಪ ಬರುವುದಿಲ್ಲ. ಕೋಪ ಬರುವುದು, ಒಂದು ಚಿತ್ರವನ್ನು ತೋರಿಸಿ ಅದರ ಅರ್ಥವನ್ನು ಹೇಳದೆ ಹೋಗುವ ಪದ್ಧತಿಯ ಮೇಲೆ. ಫಾರ್ಮಲ್ ಎಂದರೆ ಶುಭ್ರವಾದ, ಇಸ್ತ್ರಿ ಮಾಡಿದ, ಗದ್ದಲವಿಲ್ಲದ, ಕೆಲಸಕ್ಕೆ ತಕ್ಕ ಉಡುಪು ಎಂದಿಷ್ಟು ಹೇಳಿದ್ದರೆ ಸಾಕಾಗಿತ್ತು. ಮಾಸಲು ಬಣ್ಣದ ಚೂಡಿದಾರವೂ ನೂಲಿನ ಸೀರೆಯೂ ಅಂಗಿ-ಪ್ಯಾಂಟೂ ಆ ಮಾತಿನೊಳಗೆ ಬರುತ್ತಿದ್ದವು. ಸಮವಸ್ತ್ರದ ಅಂದಕ್ಕೆ ಮರುಳಾಗುವವರಿಗೆ ಇನ್ನೊಂದು ನೆನಪು: 2005ರಲ್ಲಿ ಹಾರಾಟ ಆರಂಭಿಸಿದ ವಿಜಯ್ ಮಲ್ಯರ ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಗಗನಸಖಿಯರ ಕೆಂಪು ಸ್ಕರ್ಟು ದೇಶದಲ್ಲೆಲ್ಲ ಹೆಸರಾಗಿತ್ತು. 2012ರಲ್ಲಿ ಆ ವಿಮಾನಗಳು ನೆಲಕ್ಕಿಳಿದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ಕೆಲಸ ಕೊಡುವವರು ನಮ್ಮ ಉಡುಪನ್ನು ನೋಡುವಂತೆ ನಾವು ಅವರ ಸಂಬಳದ ಪಟ್ಟಿಯನ್ನು ನೋಡಲು ಕಲಿಯಬೇಕು.

ಹಾಗಾದರೆ ತೊಡಬೇಕೆಂದಿರುವವಳು ಹೇಗೆ ತೊಡಬೇಕು? ಚಿಕ್ಕಮ್ಮನ ಅನುಭವವನ್ನೂ ನಮ್ಮೂರಿನ ದರ್ಜಿಯ ಮಾತನ್ನೂ ಸೇರಿಸಿ ಹೇಳುತ್ತೇನೆ. ಬಟ್ಟೆ ಸ್ವಲ್ಪ ದಪ್ಪನಾಗಿರಲಿ; ತೆಳುವಾದುದು ಕುಳಿತೆದ್ದರೆ ಮುದುರುತ್ತದೆ. ಒಳಗೆ ನೂಲಿನ ಅಸ್ತರಿ ಇರಲಿ. ಸೊಂಟದ ಪಟ್ಟಿ ಹೊಕ್ಕುಳಿನ ಮಟ್ಟದಲ್ಲಿ ನಿಲ್ಲಲಿ. ಉದ್ದ ಮೊಣಕಾಲಿನ ಕೆಳಗೆ ನಾಲ್ಕು ಬೆರಳಾದರೂ ಬರಲಿ. ಕುಳಿತಾಗ ಅದು ಮೇಲಕ್ಕೆ ಸರಿಯುತ್ತದೆಂಬುದನ್ನು ಮರೆಯಬಾರದು. ಅಳತೆಯನ್ನು ನಿಂತು ಕೊಟ್ಟರೆ ಸಾಲದು, ಕುಳಿತೂ ಕೊಡಬೇಕು. ಹಿಂಬದಿಯ ಸೀಳಿನ ತುದಿಗೆ ಎರಡು ಮೂರು ಸಲ ಹೊಲಿಗೆ ಹಾಕಿಸಬೇಕು. ಮೇಲೆ ತಿಳಿಬಣ್ಣದ ಅಂಗಿಯನ್ನು ಒಳಗೆ ಸಿಕ್ಕಿಸಿದರೆ ಗೆರೆ ಅಂದವಾಗಿ ಕಾಣುತ್ತದೆ. ಸಂಕೋಚವಿರುವವರು ಎರಡೂ ಪಕ್ಕ ಸೀಳಿರುವ ಮೊಣಕಾಲುದ್ದದ ಕುರ್ತಾವನ್ನು ಮೇಲೆ ಬಿಡಬಹುದು. ಗುಳೇದಗುಡ್ಡದ ಖಣದ ಬಟ್ಟೆಯ ಒಂದು ಗಿಡ್ಡ ಅಂಗಿ ಕಪ್ಪು ಲಂಗದ ಮೇಲೆ ಎಷ್ಟು ಚೆನ್ನಾಗಿರುತ್ತದೆಂಬುದನ್ನು ಹೊಲಿಸಿಯೇ ನೋಡಬೇಕು. ಕಾಲಿಗೆ ಚಪ್ಪಟೆ ಬೂಟು ಸಾಕು. ಕಡೆಗೆ ಒಂದು ಪರೀಕ್ಷೆ: ದರ್ಜಿಯ ಅಂಗಡಿಯಲ್ಲಿಯೇ ಒಂದು ಮೊಳ ಎತ್ತರದ ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ ಇಳಿಯಬೇಕು. ಆ ಪರೀಕ್ಷೆಯಲ್ಲಿ ಫೇಲಾದ ಲಂಗ ಎಷ್ಟೇ ಅಂದವಾಗಿರಲಿ, ಬಿಚ್ಚಿ ಹೊಲಿಸಬೇಕು.

ಈ ಪರೀಕ್ಷೆಯನ್ನು ಎಲ್ಲ ಉಡುಪಿಗೂ ಅನ್ವಯಿಸಬಹುದು. 2018ರಲ್ಲಿ ನಮ್ಮ ರಾಜ್ಯದ ಮೊದಲ ಮಹಿಳಾ ಪೊಲೀಸ್ ಮಹಾನಿರ್ದೇಶಕಿ ನೀಲಮಣಿ ರಾಜು ಅವರ ಅಧಿಕಾರಾವಧಿಯಲ್ಲಿ, ಕರ್ತವ್ಯದಲ್ಲಿರುವ ಮಹಿಳಾ ಪೊಲೀಸರು ಖಾಕಿ ಸೀರೆಯ ಬದಲು ಅಂಗಿ-ಪ್ಯಾಂಟು ಧರಿಸಬೇಕೆಂಬ ಆದೇಶ ಹೊರಟಿತು. ಸೀರೆಗೆ ಅಗೌರವ ತೋರಿಸುವುದಕ್ಕಲ್ಲ; ಕಳ್ಳನನ್ನು ಅಟ್ಟುವವಳಿಗೆ ಓಡಲು ಬರಬೇಕೆಂಬುದಕ್ಕೆ. ಸಿದ್ಧರಬೆಟ್ಟ ಹತ್ತುವ ದಿನ ನಾನು ಪೆನ್ಸಿಲ್ ಲಂಗವನ್ನು ತೊಡೆನು. ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುವ ದಿನ ತೊಡಲು ಅಡ್ಡಿಯೇನು? ಊರಿನ ಹಿರಿಯರು ಉದ್ದವನ್ನು ಅಳೆಯುತ್ತಾರೆ, ಅಂಗಡಿಯವರು ಸೊಂಟವನ್ನು ಅಳೆಯುತ್ತಾರೆ. ತೊಡುವವಳು ತನ್ನ ಹೆಜ್ಜೆಯನ್ನು ಅಳೆದುಕೊಳ್ಳಲಿ. ಆ ಅಳತೆಗೆ ಹೊಂದುವ ಉಡುಪು ಮರ್ಯಾದೆಯ ಉಡುಪೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಡೆಗೆ ನಮ್ಮ ಕಾಲೇಜಿನ ಮುಂದೆ ಒಂದು ಬೇಡಿಕೆ. ಉದ್ಯೋಗ ಮಾರ್ಗದರ್ಶನದ ಕೊಠಡಿಯಲ್ಲಿ ಒಂದು ಬೀರು ಇಡೋಣ. ಅದರಲ್ಲಿ ಬೇರೆ ಬೇರೆ ಅಳತೆಯ ನಾಲ್ಕು ಲಂಗ, ನಾಲ್ಕು ಪ್ಯಾಂಟು, ಆರು ಬಿಳಿ ಅಂಗಿ, ಎರಡು ನೂಲಿನ ಸೀರೆ, ಒಂದು ಇಸ್ತ್ರಿಪೆಟ್ಟಿಗೆ ಇರಲಿ. ಹುಡುಗರಿಗೂ ಹುಡುಗಿಯರಿಗೂ ಸಂದರ್ಶನದ ದಿನಕ್ಕೆ ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಟ್ಟು, ಒಗೆದು ಹಿಂತಿರುಗಿಸಲು ಹೇಳೋಣ. ಬಟ್ಟೆಯ ಖರ್ಚಿಗೆ ಅಂತಿಮ ವರ್ಷದವರು ಬೀಳ್ಕೊಡುಗೆಯ ಹಣದಲ್ಲಿ ಒಂದು ಪಾಲನ್ನು ಬಿಟ್ಟುಕೊಡಲು ಸಿದ್ಧರಿದ್ದೇವೆ. ಸೀಳನ್ನು ಹೊಲಿದುಕೊಡಲು ಚಿಕ್ಕಮ್ಮ ಒಪ್ಪಿದ್ದಾರೆ. ಮುಂದಿನ ವರ್ಷ ಜ್ವರದ ನೆಪ ಹೇಳಿ ಮನೆಯಲ್ಲಿ ಕೂರುವ ಒಬ್ಬಳೇ ಒಬ್ಬಳು ಆ ಬೀರುವಿನ ಬಾಗಿಲು ತೆರೆದು, ಬೇಕಾದುದನ್ನು ಆರಿಸಿಕೊಂಡು, ಬೆಳಗಿನ ಬಸ್ಸು ಹತ್ತಿದರೆ ಈ ಲೇಖನ ಬರೆದುದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.